ಕರಗದ ಇಟ್ಟಿಗೆ

ಗುಂಡಿಯಲ್ಲಿ ಕೆಸರು ತುಳಿಯುತ್ತಿದ್ದ ಅಡುಗೆಯವಳು "ಅಮ್ಮಾ!" ಎಂದು ಒಂಟಿಗಾಲಲ್ಲಿ ನಿಂತಳು. ಹಿಮ್ಮಡಿಗೆ ಏನೋ ತಾಗಿತ್ತು. ಪಕ್ಕದಲ್ಲೇ ತುಳಿಯುತ್ತಿದ್ದ ಮೇಸ್ತ್ರಿಗೆ ಅದೇನೆಂದು ನೋಡದೆಯೇ ಗೊತ್ತಾಯಿತು.

ಮೂವತ್ತು ವರ್ಷ ಸಿಮೆಂಟಿನ ಮನೆ ಕಟ್ಟಿದವನು ಎರಡು ಬಸ್ಸು, ಒಂದು ರೈಲು ಹತ್ತಿ ಮಣ್ಣಿನ ಮನೆ ಕಲಿಯಲು ಇಲ್ಲಿಗೆ ಬಂದಿದ್ದ. ಹತ್ತು ಸಂಸಾರಗಳು ಒಂದೇ ಬಾವಿ, ಒಂದೇ ಅಡುಗೆಮನೆ ಇಟ್ಟುಕೊಂಡು ಬಾಳುವ ಜಾಗ. ಕಲಿಸುವಾಕೆಯನ್ನು ಎಲ್ಲರೂ ಮಣ್ಣಕ್ಕ ಎನ್ನುತ್ತಿದ್ದರು. ಮೊದಲ ವಾರ ಪ್ರತಿಯೊಬ್ಬರೂ ಒಂದು ಹಸಿ ಇಟ್ಟಿಗೆ ಮಾಡಿ ಒಣಗಿಸಬೇಕಿತ್ತು. ಅವನ ಜೊತೆ ಕಲಿಯಲು ಬಂದಿದ್ದ, ಜನ್ಮದಲ್ಲಿ ಕರಣೆ ಮುಟ್ಟದ ಟೀಚರಮ್ಮನ ಇಟ್ಟಿಗೆ ಗಟ್ಟಿಯಾಯಿತು, ಮೇಸ್ತ್ರಿಯದು ನಡುವೆ ಬಿರುಕು ಬಿಟ್ಟಿತು. "ಬೇಕಾದ್ರೆ ನಾನು ಹೇಳಿಕೊಡ್ಲಾ ಮೇಸ್ತ್ರಿ?" ಎಂದು ಆಕೆ ಕೇಳಿದ್ದೇ ತಡ, ಎಲ್ಲರೂ ಊಟಕ್ಕೆ ಹೋದಾಗ, ನೀರಿನ ತೊಟ್ಟಿಯ ರಿಪೇರಿಗೆ ತರಿಸಿದ್ದ ಚೀಲದಿಂದ ಎರಡು ಹಿಡಿ ಸಿಮೆಂಟು ತೆಗೆದು ಹೊಸ ಇಟ್ಟಿಗೆಗೆ ಕಲಸಿಬಿಟ್ಟ. ಆ ವಯಸ್ಸಿಗೆ ಎಂಥ ಬುದ್ಧಿ!

ಒಣಗಿದ ಮೇಲೆ ಎಲ್ಲಕ್ಕಿಂತ ಗಟ್ಟಿಯಾದ ಆ ಇಟ್ಟಿಗೆಯನ್ನು ಮಣ್ಣಕ್ಕ ಎಲ್ಲರಿಗೂ ಎತ್ತಿ ತೋರಿಸಿದರು. "ಏನೇನು ಎಷ್ಟೆಷ್ಟು ಹಾಕಿದ್ರಿ?"

"ಮೂರು ಪಾಲು ಮಣ್ಣು, ಒಂದು ಪಾಲು ಮರಳು, ಒಂದಿಷ್ಟು ಹುಲ್ಲು." ನಾಲಿಗೆ ತಡವರಿಸಲೂ ಇಲ್ಲ.

ಅದೇ ಲೆಕ್ಕದಲ್ಲಿ ಅಡುಗೆಯವಳ ಕೋಣೆಗೆ ಗೋಡೆ ಎದ್ದಿತು. ತನ್ನದೇ ಒಂದು ಕೋಣೆಗಾಗಿ ಆರು ವರ್ಷ ಕಾದಿದ್ದವಳು ಅವಳು. ನಾಲ್ಕನೇ ದಿನ ಗೋಡೆ ಮೇಲಿಂದ ಕೆಳಗಿನವರೆಗೆ ಸೀಳಿತು. "ನಾನೇ ಸರಿಯಾಗಿ ತುಳಿದಿಲ್ಲ. ಮೇಸ್ತ್ರಿ ಹೇಳಿದ್ದು ತಪ್ಪಾಗಲ್ಲ," ಎಂದು ಎಲ್ಲರೆದುರು ಕಣ್ಣೊರೆಸಿಕೊಂಡಳು. ಅವನು ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದ. ಗೋಡೆ ಕೆಡವಿ, ಮೊದಲ ವಾರದ ಇಟ್ಟಿಗೆಗಳನ್ನೂ ಸೇರಿಸಿ, ಎಲ್ಲವನ್ನೂ ಗುಂಡಿಗೆ ಹಾಕಿ ಎರಡು ದಿನ ನೆನೆಸಿದರು.

ಈಗ ಅವಳು ಕೆಸರಿಗೆ ಕೈಹಾಕಿ, ಹಿಮ್ಮಡಿಗೆ ತಾಗಿದ್ದ ಇಟ್ಟಿಗೆಯನ್ನು ಎತ್ತಿದಳು. ಒಂದು ಮೂಲೆಯೂ ಮುಕ್ಕಾಗಿರಲಿಲ್ಲ.

"ಅಕ್ಕಾ, ಎಲ್ಲಾ ಕರಗಿದೆ. ಇದೊಂದು ಯಾಕೆ ಹೀಗೇ ಇದೆ?"

ಮಣ್ಣಕ್ಕ ಉಗುರಿನಿಂದ ಕೆರೆದು ನೋಡಿದರು.

"ಸಿಮೆಂಟು ಹಾಕಿದ್ದೆ," ಎಂದ ಮೇಸ್ತ್ರಿ. "ಎರಡು ಹಿಡಿ. ನೀನು ತುಳಿದಿದ್ದು ಸರಿಯಾಗೇ ಇತ್ತಮ್ಮ. ನಾನು ಹೇಳಿದ ಲೆಕ್ಕಾನೇ ಸುಳ್ಳು."

ಭೂಮಿ ಬಾಯಿಬಿಟ್ಟರೆ ಸಾಕು ಎನಿಸಿತು ಅವನಿಗೆ. ಅಡುಗೆಯವಳು ಅವನತ್ತ ನೋಡದೆ ಕೈಯಲ್ಲಿದ್ದ ಇಟ್ಟಿಗೆಯನ್ನೇ ನೋಡುತ್ತಿದ್ದಳು.

"ಆವತ್ತೇ ಹೇಳಬಹುದಿತ್ತಲ್ಲಾ ಅಣ್ಣ," ಎಂದಳು. "ಎರಡು ದಿನದಿಂದ ನಂಗೆ ಊಟ ಸೇರಿಲ್ಲ."

ಅವನು ಇಟ್ಟಿಗೆಯನ್ನು ಇಸಿದುಕೊಂಡ. "ಇದನ್ನ ಎಲ್ಲಿ ಬಿಸಾಕ್ಲಿ?"

"ಇಲ್ಲಿ ಬಿಸಾಕೋ ಜಾಗ ಅಂತ ಇಲ್ಲ," ಎಂದರು ಮಣ್ಣಕ್ಕ. "ಏನಾದ್ರೂ ಕೆಲಸಕ್ಕೆ ಹಚ್ಚಿ."

ಮೇಸ್ತ್ರಿ ಅದನ್ನು ಅಡುಗೆಮನೆಯ ಬಾಗಿಲ ಬಳಿ, ಅಂಚು ಮೇಲಾಗಿ, ನೆಲಕ್ಕೆ ಅರ್ಧ ಹೂತ. ಸಂಜೆ ಒಬ್ಬೊಬ್ಬರಾಗಿ ಬಂದವರು ಕಾಲಿನ ಕೆಸರನ್ನು ಅದಕ್ಕೆ ಉಜ್ಜಿ ಒಳಗೆ ಹೋದರು. ಅಡುಗೆಯವಳೂ ಉಜ್ಜಿದಳು, ಮೊದಲು ಎಡಗಾಲು, ಆಮೇಲೆ ಬಲಗಾಲು. ಒಳಗೆ ತಟ್ಟೆಗಳ ಸದ್ದು ಶುರುವಾಯಿತು. ಮೇಸ್ತ್ರಿ ಮಾತ್ರ, ಕಾಲಿನ ಕೆಸರು ಒಣಗಿ ತಾನಾಗಿ ಉದುರುವವರೆಗೂ, ಹೊರಗೇ ನಿಂತಿದ್ದ.