ಎರಡು ಲಕ್ಷ ಕೊಡ ನೀರು

ಒಪ್ಪಿಗೆ ಪತ್ರದಲ್ಲಿ ತಂದೆಯ ಸಹಿಗೊಂದು, ತಾಯಿಯ ಸಹಿಗೊಂದು ಜಾಗವಿತ್ತು. ನನ್ನ ಗಂಡ ಚಹಾ ಕುಡಿಯುತ್ತಲೇ ಸಹಿ ಹಾಕಿ ಹುಮನಾಬಾದ್ ಬಸ್ ಡಿಪೋಗೆ ಡ್ಯೂಟಿಗೆ ಹೋದರು. ನಾನು ಪತ್ರವನ್ನು ಮೂರು ದಿನ ಬ್ಯಾಗಿನಲ್ಲಿ ಇಟ್ಟುಕೊಂಡು ತಿರುಗಿದೆ.

ಬಸವಕಲ್ಯಾಣದ ಬಂಗ್ಲಾ ಎಂಬಲ್ಲಿ, ಹೆದ್ದಾರಿ ಪಕ್ಕದ ಒಂದು ವಸತಿ ಶಾಲೆಯಲ್ಲಿ ಸ್ಪರ್ಧೆಯ ಅಳತೆಯ ಈಜುಕೊಳ ಕಟ್ಟಿದ್ದರು. ಸುತ್ತಲಿನ ಊರುಗಳಿಂದ ಎಂಟು ಹುಡುಗಿಯರನ್ನು ಆರಿಸಿ ವರ್ಷವಿಡೀ ಉಚಿತ ತರಬೇತಿ ಕೊಡುತ್ತಾರಂತೆ. ಆಯ್ಕೆಗೆ ಬೇಕಾದದ್ದು ಒಂದೇ: ತನ್ನ ಸಾಲು ಬಿಡದೆ ಐವತ್ತು ಮೀಟರ್ ಈಜಬೇಕು. ಹದಿಮೂರು ವರ್ಷದ ನನ್ನ ಮಗಳು ಆಮ್ರಪಾಲಿ ತಾನೇ ಹೋಗಿ ಹೆಸರು ಬರೆಸಿ ಬಂದಿದ್ದಳು.

ಪತ್ರದ ಕೆಳಗೆ ಕೊಳದ ಅಳತೆ ಕೊಟ್ಟಿದ್ದರು. ಉದ್ದ ಐವತ್ತು ಮೀಟರ್, ಅಗಲ ಇಪ್ಪತ್ತೈದು, ಆಳ ಎಲ್ಲ ಕಡೆ ಎರಡು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು, ಗುಣಿಸದೆ ಇರಲಾಗಲಿಲ್ಲ. ಎರಡೂವರೆ ಸಾವಿರ ಘನ ಮೀಟರ್. ಇಪ್ಪತ್ತೈದು ಲಕ್ಷ ಲೀಟರ್. ಮಗಳ ಎತ್ತರ ಐದು ಅಡಿಗೆ ಇನ್ನೂ ಎರಡು ಬೆರಳು ಕಡಿಮೆ.

ದಸರಾ ರಜೆಗೆ ಅವಳನ್ನು ಕೊಹಿನೂರಕ್ಕೆ, ನನ್ನ ಅವ್ವ ಅಂಬುಬಾಯಿಯ ಮನೆಗೆ ಬಿಡಲು ಹೋದಾಗಲೂ ಪತ್ರ ಬ್ಯಾಗಿನಲ್ಲೇ ಇತ್ತು.

"ಎಷ್ಟ ನೀರ ಹಿಡೀತದ ಅದು?" ಅವ್ವ ಕೇಳಿದಳು.

"ಇಪ್ಪತ್ತೈದು ಲಕ್ಷ ಲೀಟರ್."

"ಲೀಟರ್ ನನಗ ತಿಳಿಯೂದಿಲ್ಲ. ಕೊಡದಾಗ ಹೇಳು."

ಒಂದು ಲೀಟರಿನ ಬಾಟಲಿಯಿಂದ ಅವ್ವನ ಹಳೆಯ ತಾಮ್ರದ ಕೊಡಕ್ಕೆ ನೀರು ಸುರಿದು ಅಳೆದೆ. ಹನ್ನೆರಡೂವರೆ ಬಾಟಲಿ ಹಿಡಿಯಿತು. ಹಾಗಾದರೆ ಕೊಳಕ್ಕೆ ಎರಡು ಲಕ್ಷ ಕೊಡ. ಅವ್ವ ದಿನಕ್ಕೆ ಹತ್ತು ಕೊಡದಂತೆ ಐವತ್ತು ವರ್ಷ ನೀರು ಹೊತ್ತವಳು. ಅದನ್ನೂ ಕೂಡಿಸಿದೆ: ಒಂದು ಲಕ್ಷ ಎಂಬತ್ತೆರಡು ಸಾವಿರದ ಐನೂರು.

"ಅಂದರ ತುಂಬಲಿಲ್ಲ," ಅವ್ವ ಅಂದಳು.

"ಇನ್ನೂ ಐದು ವರ್ಷ ಹೊರಬೇಕಿತ್ತು ನೀನು."

"ಮದಲ ಹೇಳಬೇಕಿಲ್ಲೇನ?" ಎಂದು ನಕ್ಕಳು. ಆಮೇಲೆ ಪತ್ರದ ಕಡೆ ಕೈ ತೋರಿಸಿದಳು. "ಸಹಿ ಮಾಡು. ಹೆದರೂದಿದ್ದರ ಸಹಿ ಮಾಡಿ ಹೆದರು."

ಆ ಕೊಡಗಳಲ್ಲಿ ಬಹಳಷ್ಟು ತುಂಬಿದ್ದು ಊರಾಚೆಯ ಕುರಿಗಾರರ ಬಾವಿಯಿಂದ. ಅವ್ವನ ಕಾಲದಲ್ಲಿ ನಮ್ಮ ಓಣಿಯವರು ಆ ಬಾವಿಯ ಮೆಟ್ಟಿಲು ಇಳಿಯುವಂತಿರಲಿಲ್ಲ. ಕೊಡ ಕೆಳಗಿಟ್ಟು ದೂರ ನಿಂತರೆ, ಬಾವಿಯ ಮನೆಯವರು ಮೇಲಿಂದ ಸುರಿಯುತ್ತಿದ್ದರು. ಅವರಿಗೆ ಬಿಡುವಾಗುವ ತನಕ ನಿಲ್ಲಬೇಕು. ಅವ್ವ ಇದನ್ನು ಸಿಟ್ಟಿಲ್ಲದೆ ಹೇಳುತ್ತಾಳೆ. ನನಗೆ ಹಾಗೆ ಹೇಳಲು ಬರುವುದಿಲ್ಲ.

ಅದೇ ಬಾವಿ ಈಗ ಮಡೆಪ್ಪನದು. ಎರಡು ವರ್ಷದ ಹಿಂದೆ ಅವನು ಕುರಿ ತೊಳೆಯುವಾಗ ಆಮ್ರಪಾಲಿ ದಂಡೆಯಲ್ಲಿ ನಿಂತು ನೋಡುತ್ತಿದ್ದಳಂತೆ. "ನೋಡಿದರ ಈಜು ಬರತದೇನ, ಪೋರಿ? ಇಳಿ," ಅಂದನಂತೆ. ಅಷ್ಟೇ. ಬೆನ್ನಿಗೆ ಎಣ್ಣೆಯ ಖಾಲಿ ಡಬ್ಬಿ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು ಒಂದು ಬೇಸಿಗೆಯಲ್ಲಿ ಕಲಿಸಿಬಿಟ್ಟ. ಅವಳು ಇಳಿದ ಮೊದಲ ದಿನವೇ ಸಂಜೆ ಅವ್ವ ಜೋಳದ ರೊಟ್ಟಿ, ಪುಂಡಿಪಲ್ಯ ಬುಟ್ಟಿಯಲ್ಲಿಟ್ಟುಕೊಂಡು ಮಡೆಪ್ಪನ ಮನೆಗೆ ಹೋದಳು. ಅವನ ಹೆಂಡತಿ ಬಾಳಮ್ಮ ಅಲ್ಲೇ ಕೂತು ಒಂದು ರೊಟ್ಟಿ ತಿಂದು, ಪಲ್ಯಕ್ಕೆ ಖಾರ ಕಡಿಮೆ ಎಂದು ಹೇಳಿ ಬುಟ್ಟಿ ವಾಪಸು ಕೊಟ್ಟಳಂತೆ.

ನಾನು ಸಹಿ ಹಾಕಿದೆ.

ಆಯ್ಕೆಯ ದಿನ ಕೊಳದ ಬದಿಯ ಕಬ್ಬಿಣದ ಕಂಬಿ ಹಿಡಿದು ನಿಂತಿದ್ದೆ. ಆಳ, ತಣ್ಣೀರು, ಜಾರುವ ಟೈಲ್ಸು, ಔಷಧ ಹಾಕಿದ ನೀರು, ಎಲ್ಲದರ ಬಗ್ಗೆಯೂ ಮೊದಲೇ ಚಿಂತಿಸಿ ಮುಗಿಸಿದ್ದೆ. ಸೀಟಿ ಊದಿದರು. ಆಮ್ರಪಾಲಿ ಎಲ್ಲರಿಗಿಂತ ಮುಂದೆ ಹೊರಟಳು. ತಲೆ ನೀರಿನ ಮೇಲೆ, ಕಣ್ಣು ಎಡಕ್ಕೆ. ಹದಿನೈದು ಮೀಟರ್ ಆಗುವಷ್ಟರಲ್ಲಿ ಬಲಕ್ಕೆ ವಾಲತೊಡಗಿದಳು. ಸಾಲು ಬೇರ್ಪಡಿಸುವ ಹಗ್ಗಕ್ಕೆ ಡಿಕ್ಕಿ ಹೊಡೆದಳು, ಅದರ ಅಡಿಯಿಂದ ನುಸುಳಿ ಪಕ್ಕದ ಹುಡುಗಿಯ ಸಾಲಿಗೆ ಹೋದಳು, ಅಲ್ಲಿಂದ ಅದರಾಚೆಯ ಸಾಲಿಗೆ. ನೋಡುತ್ತಿದ್ದವರು ನಗತೊಡಗಿದರು. ಅವಳಿಗೆ ಏನಾಗುತ್ತಿದೆ ಎಂದು ಅವಳಿಗೇ ತಿಳಿಯಲಿಲ್ಲ.

ತರಬೇತುದಾರ ಅಜೀಮುದ್ದೀನ್ ಸರ್ ಮಾತ್ರ ನಗಲಿಲ್ಲ. ಟವೆಲ್ ಕೊಟ್ಟು ಕೇಳಿದರು: "ಎಲ್ಲಿ ಕಲಿತಿ, ಬೇಟಾ?"

"ಕೊಹಿನೂರದಾಗ್ರಿ. ಬಾವ್ಯಾಗ."

"ಬಾವಿ ಗೋಲ್ ಇರತದಲ್ಲ?"

"ಹೌದ್ರಿ."

"ಎಡಕ್ಕ ಗೋಡಿ ಇಟ್ಕೊಂಡು ಸುತ್ತ ಹೊಡೀತಿದ್ದಿ?"

"ಹೌದ್ರಿ. ಮೆಟ್ಟಲದಿಂದ ಮೆಟ್ಟಲಕ್ಕ."

"ಅದಕ್ಕ. ಇಲ್ಲಿ ಗೋಡಿ ಇಲ್ಲ, ಆದರೂ ನೀ ಗೋಡಿ ಹಿಡದ ಹೊಂಟಿ." ನನ್ನ ಕಡೆ ತಿರುಗಿದರು. "ದಮ್ ಅದ ಹುಡುಗಿಯಾಗ, ಮೇಡಂ. ಸೀದಾ ಹೋಗೂದು ಒಂದ ಬಾಕಿ. ದೀಪಾವಳಿ ಆದ ಮ್ಯಾಲ ಎರಡನೇ ಟ್ರಯಲ್ ಅದ, ಕರಕೊಂಡು ಬರ್ರಿ. ಅದ ಕಡೀದು."

ಎರಡು ವರ್ಷ ಆ ಬಾವಿಯ ಆಳವನ್ನು ನೆನೆದು ನಿದ್ದೆಗೆಟ್ಟಿದ್ದೆ. ಅದು ದುಂಡಗಿದೆ ಎಂಬುದು ಒಮ್ಮೆಯೂ ಹೊಳೆದಿರಲಿಲ್ಲ.

ಬಸ್ಸಿನಲ್ಲಿ ಮಗಳು ಕಿಟಕಿಯ ಕಡೆ ಮುಖ ಮಾಡಿ ಕೂತಳು. ನಾವಿರುವ ಹುಮನಾಬಾದಿನಲ್ಲಿ ಈಜುಕೊಳವಿಲ್ಲ. ಇದ್ದದ್ದು ಮೂರು ವಾರ ಮತ್ತು ಒಂದು ದುಂಡು ಬಾವಿ.

ಕೊಹಿನೂರದಲ್ಲಿ ಮಡೆಪ್ಪ ಎಲ್ಲ ಕೇಳಿಸಿಕೊಂಡು ಗಡ್ಡ ಕೆರೆದುಕೊಂಡ. "ತಪ್ಪು ನಂದ ಅದ," ಅಂದ. "ಕುರಿಗೂ ಹಂಗ ಕಲಿಸೇನಿ. ಅವು ಎಲ್ಲೂ ಪರೀಕ್ಷಾಕ್ಕ ಹೋಗಲಿಲ್ಲ, ಗೊತ್ತಾಗಲಿಲ್ಲ."

ಮೊದಲ ದಿನ ಅವಳಿಗೆ ಉಲ್ಟಾ ಸುತ್ತು ಹೊಡೆಸಿದ, ಗೋಡೆ ಬಲಕ್ಕೆ ಬರುವಂತೆ. ಎರಡನೆಯ ದಿನ ಕುರಿದೊಡ್ಡಿಯ ಹಗ್ಗ ತಂದ. ಬಾವಿಯ ನಡುವೆ, ಈ ದಂಡೆಯಿಂದ ಆ ದಂಡೆಗೆ, ನೀರಿನಿಂದ ಒಂದು ಮೊಳ ಮೇಲೆ ಅದನ್ನು ಎಳೆದು ಹಿಡಿಯಬೇಕು. ಪೋರಿ ಅದರ ಕೆಳಗೇ ಹೋಗಿ ಬರಬೇಕು. ಮೂವತ್ತು ಅಡಿ, ಆದರೂ ನೆಟ್ಟಗಿನ ಮೂವತ್ತು ಅಡಿ. ಆ ಕಡೆಯ ಕಲ್ಲಿನ ಮೇಲೆ ಬಾಳಮ್ಮ ನಿಂತಳು. ಮಡೆಪ್ಪ ನೀರಿನಲ್ಲಿ ಮಗಳ ಜೊತೆ ಇರಬೇಕು. ಈ ಕಡೆ, ನೀರು ತಾಗುವ ಮೆಟ್ಟಿಲಿಗೆ ಒಬ್ಬರು ಬೇಕಾಗಿತ್ತು.

"ಇಳೀರಿ, ಟೀಚರ್‌ಬಾಯಿ," ಎಂದಳು ಬಾಳಮ್ಮ.

ನಾನು ಆ ಬಾವಿಯ ಮೆಟ್ಟಿಲು ಎಂದೂ ಇಳಿದವಳಲ್ಲ. ನಮ್ಮ ಮನೆಯಲ್ಲಿ ಇಳಿದ ಮೊದಲನೆಯವಳು ನನ್ನ ಮಗಳು, ಎರಡನೆಯವಳು ನಾನು. ಅವ್ವ ಮೇಲೆ ದಂಡೆಯಲ್ಲಿ ಕೂತು ನೋಡುತ್ತಿದ್ದಳು. ಕೊನೆಯ ಮೆಟ್ಟಿಲಲ್ಲಿ ಪಾಚಿ. ಹಸಿರು ನೀರು ಪಾದದವರೆಗೆ ಬಂತು.

ಆಮ್ರಪಾಲಿ ಹೊರಟಳು, ಅರ್ಧಕ್ಕೇ ವಾಲಿದಳು. ಮತ್ತೆ ಹೊರಟಳು, ಮತ್ತೆ ವಾಲಿದಳು.

"ಹಗ್ಗ ಯಾಕ ಕುಣ್ಯಾಕತ್ತದ?" ಮಡೆಪ್ಪ ನೀರಿನೊಳಗಿಂದ ಕೇಳಿದ.

"ಆ ತುದಿ ಟೀಚರ್‌ಬಾಯಿ ಹಿಡದಾಳ, ಅದಕ್ಕ," ಎಂದಳು ಬಾಳಮ್ಮ. "ನನ್ನ ಕೈಗೂ ಆಕಿ ನಡುಕ ಬರಾಕತ್ತದ."

ನಿಜ. ಮಗಳ ತಲೆ ಒಂದು ಬೆರಳು ತಗ್ಗಿದರೂ ನನ್ನ ಮೊಣಕೈ ಅದರುತ್ತಿತ್ತು, ಹಗ್ಗ ಆಚೀಚೆ ಆಡುತ್ತಿತ್ತು, ಅವಳು ಆ ಆಡುವ ಹಗ್ಗವನ್ನೇ ನಂಬಿ ಹೋಗುತ್ತಿದ್ದಳು.

ಆಮ್ರಪಾಲಿ ಈಜುತ್ತ ನನ್ನ ಕಾಲ ಬಳಿ ಬಂದು ಮೆಟ್ಟಿಲು ಹಿಡಿದಳು. "ಮಮ್ಮಿ, ನೀ ಹಗ್ಗ ನೋಡು. ನನ್ನ ನೋಡಬ್ಯಾಡ."

ಹದಿಮೂರು ವರ್ಷ ನಾನು ಮಾಡಿದ್ದು ಅವಳನ್ನು ನೋಡುವ ಕೆಲಸವೊಂದೇ. ಕಣ್ಣು ಕಿತ್ತು ಹಗ್ಗದ ಮೇಲಿಟ್ಟೆ. ಅದರ ಹುರಿ ಎಣಿಸಿದೆ. ಅಲ್ಲಲ್ಲಿ ಕುರಿಯ ಉಣ್ಣೆ ಸಿಕ್ಕಿಕೊಂಡಿತ್ತು. ನೀರಿನ ಸದ್ದು ದೂರ ಹೋಯಿತು, ಆಮೇಲೆ ಹತ್ತಿರ ಬಂತು, ಮತ್ತೆ ದೂರ ಹೋಯಿತು. ಬಾಳಮ್ಮ ಆ ಕಡೆಯಿಂದ ಮೆಲ್ಲಗೆ ಅಂದಳು: "ಹಂಗ. ಹೊಂಟಾಳ ನೋಡ್ರಿ, ಸೀದಾ. ನೋಡಬ್ಯಾಡ್ರಿ ಮತ್ತ."

ಮೂರು ವಾರದ ಶನಿವಾರ, ಭಾನುವಾರ ಮತ್ತು ಹಬ್ಬದ ರಜೆ ಹೀಗೇ ಕಳೆದವು. ಕೊನೆಯ ದಿನ ಬಾಳಮ್ಮನಿಗೆ ಏನಾದರೂ ಹೇಳಬೇಕೆಂದು ಮಾತು ಹುಡುಕುತ್ತ ನಿಂತೆ.

"ಏನ ವಿಚಾರ ಮಾಡತೀರಿ? ಹಗ್ಗ ಸುತ್ತಿ ಕೊಡ್ರಿ, ಕುರಿಗಿ ಬೇಕು," ಎಂದಳು ಅವಳು.

ಎರಡನೆಯ ಟ್ರಯಲ್‌ಗೆ ಅವ್ವನೂ ಬಂದಳು. ಅಜೀಮುದ್ದೀನ್ ಸರ್ ಹುಡುಗಿಗೆ ಕೊಳದ ತಳದ ಕಪ್ಪು ಪಟ್ಟೆ ತೋರಿಸಿದರು. "ಇದ ನಿನ್ನ ಹಗ್ಗ. ಮುಖ ನೀರಾಗ ಇಟ್ಟು ಇದನ್ನ ನೋಡು."

ಸೀಟಿ ಕೇಳಿಸಿತು. ನಾನು ಕಂಬಿಯನ್ನು ನೋಡಿದೆ. ಕಂಬಿ ಅಲುಗಲಿಲ್ಲ. ಅರ್ಧ ದಾರಿಯಲ್ಲಿ ಅವ್ವ "ಅಯ್" ಎಂದಾಗಲೂ ತಲೆ ಎತ್ತಲಿಲ್ಲ. ಮಗಳು ಅಲ್ಲಿ ಸ್ವಲ್ಪ ಬಲಕ್ಕೆ ಹೋಗಿ ತಾನೇ ಸರಿಮಾಡಿಕೊಂಡಳೆಂದು ಆಮೇಲೆ ತಿಳಿಯಿತು. ಎದುರಿನ ಗೋಡೆಗೆ ಅವಳ ಅಂಗೈ ತಾಗಿದಾಗ ನೋಡಿದೆ. ತನ್ನ ಸಾಲಿನಲ್ಲೇ ಇದ್ದಳು.

ಎಂಟು ಹೆಸರು ಓದಿದರು. ಅವಳದು ಏಳನೆಯದು.

ಅವ್ವ ಚಪ್ಪಲಿ ಬಿಟ್ಟು ದಂಡೆಯವರೆಗೆ ಹೋದಳು. "ಇದರಾಗ ಯಾರ ಬೇಕಾದರೂ ಇಳೀಬಹುದೇನ್ರಿ?" ಎಂದು ಸರ್‌ಗೆ ಕೇಳಿದಳು.

"ಇಳೀಬಹುದ್ರಿ, ಅಮ್ಮಾ. ತಲಿಗಿ ಟೋಪಿ ಹಾಕಬೇಕು, ಮದಲ ಮೈ ತೊಳ್ಕೋಬೇಕು."

"ಅಷ್ಟ?"

"ಅಷ್ಟರಿ."

ಅವ್ವ ಆ ನೀಲಿ ನೀರನ್ನು ಉದ್ದಕ್ಕೂ ಅಗಲಕ್ಕೂ ನೋಡಿದಳು. ಆಮೇಲೆ ಮಡೆಪ್ಪನಿಗೆ ಫೋನ್ ಹಚ್ಚಲು ನನಗೆ ಹೇಳಿದಳು. ಹುಡುಗಿ ಆಯ್ಕೆಯಾದಳೆಂದು ತಿಳಿಸಿದೆ. ಆ ಕಡೆ ಕುರಿಗಳ ಸದ್ದಿನ ನಡುವೆ ಮಡೆಪ್ಪ ಬಾಳಮ್ಮನನ್ನು ಕೂಗಿ ಕರೆದದ್ದು ಕೇಳಿಸಿತು. ಅವ್ವ ಫೋನ್ ಕಿತ್ತುಕೊಂಡಳು.

"ಮಡೆಪ್ಪಾ, ಇಲ್ಲಿ ಎರಡು ಲಕ್ಷ ಕೊಡ ನೀರ ಅದ. ನಾ ಹೊತ್ತದ್ದು ಹದಿನೇಳೂವರೆ ಸಾವಿರ ಕೊಡ ಕಡಿಮಿ ಬಿತ್ತಂತ. ನಿನ್ನ ಬಾವಿ ನೀರ ಹಾಕಿ ತುಂಬಸ್ತೇನಿ."

"ತುಂಬಸು, ಅಂಬವ್ವಾ," ಅಂದ ಮಡೆಪ್ಪ. "ಆದರ ಹೊರೂದು ಬ್ಯಾಡ. ನಾನ ಟ್ರ್ಯಾಕ್ಟರ್ ಕಳಸ್ತೇನಿ."