ಒಂದು ಗಾಲಿ ಮಣ್ಣಿಗೆ

ಘೋಣಸಗಿಯ ರಾಜಾರಾಮನಿಗೆ ಕ್ರೂಸರ್ ಜೀಪು ಓಡಿಸುವುದು ನೀರು ಕುಡಿದಷ್ಟು ಸಲೀಸು. ಆ ಜಂಬ ಅವನಿಗಿಂತ ಅವನ ತಾಯಿ ಮಾಳವ್ವನಿಗೆ ಒಂದು ಕೈ ಹೆಚ್ಚೇ ಇತ್ತು. ಬುದ್ಧ ಹುಟ್ಟಿದ ಲುಂಬಿನಿ ನೋಡಿ, ಅಲ್ಲಿಂದ ಗುಡ್ಡ ಹತ್ತಿ ಕಠ್ಮಂಡುವಿನ ಸ್ತೂಪಕ್ಕೂ ಕೈ ಮುಗಿದು ಬರೋಣವೆಂದು ಓಣಿಯ ಹಿರಿಯರು ಹೊರಟಿದ್ದೇ ಅವಳ ಮಾತಿನ ಮೇಲೆ. ಪರದೇಶವಾದರೇನು, ಗಾಡಿ ಹೊಡೆಯುವವ ನನ್ನ ಮಗ ಎಂದು ಅಂಜುಬುರುಕರ ಬಾಯಿ ಮುಚ್ಚಿಸಿದ್ದಳು.

ಮೊಬೈಲಿನಲ್ಲಿ ಆ ಗುಡ್ಡದ ರಸ್ತೆ ನೋಡಿದಾಗಿನಿಂದ ಸೊಸೆ ಆಮ್ರಪಾಲಿಗೆ ಮಾತ್ರ ನಿದ್ದೆ ಹತ್ತಿರಲಿಲ್ಲ. ಒಂದು ಬದಿ ಬಂಡೆ, ಇನ್ನೊಂದು ಬದಿ ಪ್ರಪಾತ, ತಿರುವಿನ ಮೇಲೆ ತಿರುವು. ರಾಜಾರಾಮನೇನು ಸುಮ್ಮನೆ ಕೂತಿರಲಿಲ್ಲ. ಗೋಳಗುಮ್ಮಟದ ಹತ್ತಿರ ಬಾಡಿಗೆ ಗಾಡಿ ನಿಲ್ಲಿಸುವ, ನೇಪಾಳಕ್ಕೆ ಹೋಗಿಬಂದ ಡ್ರೈವರನೊಬ್ಬನನ್ನು ವಿಚಾರಿಸಿದ್ದ. ತಿರುವಿಗೆ ಮೊದಲೇ ಹಾರ್ನ್, ಇಳಿಜಾರಿಗೆ ಸಣ್ಣ ಗೇರು, ಏರಿ ಬರುವವನಿಗೆ ದಾರಿ. ಎಲ್ಲವನ್ನೂ ಪಾಠದಂತೆ ಒಪ್ಪಿಸುತ್ತಿದ್ದ.

ಹೊರಡುವ ಹಿಂದಿನ ದಿನ ಮೂವರೂ ಬಬಲೇಶ್ವರದಲ್ಲಿ ಸಾಮಾನು ತುಂಬಿಕೊಂಡು ತಿಕೋಟಾ ಕಡೆ ಬರುತ್ತಿದ್ದರು. ಇಕ್ಕಟ್ಟಾದ ರಸ್ತೆಯಲ್ಲಿ ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬಂತು. ರಾಜಾರಾಮ ವೇಗ ತಗ್ಗಿಸದೆ ಎಡಗಾಲಿಯನ್ನು ಮಣ್ಣಿಗಿಳಿಸಿ, ದಾಟಿ, ಮತ್ತೆ ಡಾಂಬರಿಗೆ ಹತ್ತಿಸಿದ. ಈ ಭಾಗದಲ್ಲಿ ಅದೇ ಮರ್ಯಾದೆ. ಗಾಲಿ ಇಳಿಸದವನನ್ನು ಸೊಕ್ಕಿನವ ಅನ್ನುತ್ತಾರೆ. ಆಮ್ರಪಾಲಿ ಗಂಡನ ಕಡೆ ತಿರುಗಿದಳು.

"ಅಲ್ಲೂ ಹಿಂಗ ಗಾಲಿ ಇಳಿಸಿದ್ರ ಏನ್ ಗತಿರಿ?"

ಅಷ್ಟು ಹುಚ್ಚನೇ ನಾನು ಎಂದು ಅವನು ನಕ್ಕ. ಹಾಗಾದರೆ ಮುಂದಿನ ಗಾಡಿ ಬಂದಾಗ ಮೊದಲೇ ಬ್ರೇಕ್ ಹಾಕಿ, ಗಾಲಿ ಮಾತ್ರ ಇಳಿಸಬೇಡಿ ಎಂದಳು. ಅದೇನು ಮಹಾ ಎಂದ.

ಬಸ್ಸು ಬಂತು. ರಾಜಾರಾಮ ಎರಡೂ ಕೈಯಿಂದ ಸ್ಟೇರಿಂಗ್ ಬಿಗಿ ಹಿಡಿದ. ಆದರೆ ಎತ್ತು ಏರಿಗೆ, ಕೋಣ ನೀರಿಗೆ ಎಂಬಂತೆ ಮನಸ್ಸು ಒಂದು ಕಡೆ ಎಳೆದರೆ ಕೈ ಇನ್ನೊಂದು ಕಡೆ ಎಳೆಯಿತು. ಬಸ್ಸು ದಾಟಿದಾಗ ಗಾಲಿ ಮಣ್ಣಿನಲ್ಲಿತ್ತು.

ಅವನು ಗಾಡಿ ನಿಲ್ಲಿಸಿ, ಇಳಿದು, ಆ ಗಾಲಿಯನ್ನೇ ನೋಡುತ್ತ ನಿಂತ. ತನ್ನ ಮಾತೇ ನಿಜವಾಯಿತೆಂದು ಆಮ್ರಪಾಲಿಗೆ ಹಿಗ್ಗಾಗಲಿಲ್ಲ. ಓಣಿಯ ಹಿರಿಯರೆಲ್ಲ ಈ ಕೈಯನ್ನು ನಂಬಿ ಬಟ್ಟೆ ಕಟ್ಟಿಕೊಂಡು ಕೂತಿದ್ದರು.

ಯಾಕೆ ನಿಲ್ಲಿಸಿದೆ ಎಂದು ಹಿಂದಿನ ಸೀಟಿನಿಂದ ಮಾಳವ್ವ ಕೇಳಿದಳು.

"ಯವ್ವಾ, ನನ್ನ ಕೈ ನನ್ನ ಮಾತ ಕೇಳವಲ್ವು. ಲುಂಬಿನಿ ಮಟ ನಾ ಹೊಡೀತೀನಿ. ಗುಡ್ಡಕ್ಕ ಅಲ್ಲಿಯವ್ರ ಗಾಡಿ ಮಾಡೂಣು."

ಮಾಳವ್ವ ಊರ ತುಂಬ ಕೊಚ್ಚಿಕೊಂಡವಳು. ಈಗ ಬೈಯುತ್ತಾಳೆ, ಇಲ್ಲವೇ ಹೋಗುವುದೇ ಬೇಡ ಎನ್ನುತ್ತಾಳೆ ಎಂದು ಆಮ್ರಪಾಲಿ ಹೆದರಿದಳು.

"ಹಂಗಾದ್ರ ಅಲ್ಲಿ ನೀ ನನ್ನ ಬಾಜೂಕ ಕುಂದ್ರು," ಎಂದಳು ಮುದುಕಿ. "ನೀ ಗಾಡಿ ಹೊಡ್ಯಾಕ ಹತ್ತಿದಾಗಿಂದ ನಾ ಬರೇ ನಿನ್ನ ಬೆನ್ನ ನೋಡೇನಿ."