ವಾಸವಿಲ್ಲ

ನಮ್ಮ ಬೀದಿಯ ಸಮಿತಿ ಹುಟ್ಟಿದ್ದು ಒಂದು ಗೋಡೆ ಬಿದ್ದ ಮೇಲೆ. ವರ್ಷಗಟ್ಟಲೆ ಬೀಗ ಹಾಕಿದ್ದ ಮೂಲೆಮನೆಯ ಕಾಂಪೌಂಡು ಒಂದು ಮಧ್ಯಾಹ್ನ ಇದ್ದಕ್ಕಿದ್ದ ಹಾಗೆ ಕುಸಿದು, ಪಕ್ಕದಲ್ಲೇ ನಡೆದುಹೋಗುತ್ತಿದ್ದ ದರ್ಜಿಯ ಹೆಂಡತಿಯ ಕಾಲು ಮುರಿಯಿತು. ಆ ವಾರ ಹಲ್ಲಿನ ಡಾಕ್ಟರ ಮನೆಯಲ್ಲಿ ಹತ್ತು ಜನ ಸೇರಿದೆವು. ಡಾಕ್ಟರು ಕ್ಲಿನಿಕ್ಕು ಮುಚ್ಚಿ ನಾಲ್ಕು ವರ್ಷವಾಗಿತ್ತು, ಬಾಯಿಗೆ ಬರುವ ಮಾತು ಮಾತ್ರ ಇನ್ನೂ ಹಲ್ಲಿನದೇ. ನಮ್ಮ ಬೀದಿಗೆ ಹುಳುಕು ಹತ್ತಿದೆ, ಈಗ ಕೈ ಹಾಕದಿದ್ದರೆ ಸಾಲಿಗೆ ಸಾಲೇ ಉದುರುತ್ತದೆ ಎಂದರು. ಎಲ್ಲರೂ ನಕ್ಕೆವು, ಆದರೆ ಮಾತು ನಿಜವಾಗಿತ್ತು. ಒಡೆದ ಕಿಟಕಿಗಳು, ಸೊಂಟದೆತ್ತರದ ಹುಲ್ಲು, ಕಸ ಸುರಿಯುವವರಿಗೆ ಹೇಳಿ ಮಾಡಿಸಿದಂಥ ಅಂಗಳಗಳು.

ನಗರಸಭೆಯಲ್ಲಿ ಇದಕ್ಕೆಲ್ಲ ನಿಯಮಗಳಿದ್ದವು. ವಸತಿ ವಲಯದಲ್ಲಿ ಹುಲ್ಲು ಮೊಣಕಾಲು ದಾಟಬಾರದು, ಮನೆಯ ಮುಂದೆ ಸಾಮಾನು ಪೇರಿಸಬಾರದು, ಮನೆಯಲ್ಲಿ ಕಸುಬು ನಡೆಸಬಾರದು. ನಿಯಮವಿತ್ತು, ನೋಡುವವರಿರಲಿಲ್ಲ. ಕೊನೆಗೆ ನಗರಸಭೆಯವರೇ ಒಂದು ದಾರಿ ಹೇಳಿದರು. ಆರು ತಿಂಗಳಿಗೊಮ್ಮೆ ಬೀದಿಯವರೇ ಮನೆಮನೆ ನೋಡಿ ತಪಾಸಣೆ ಹಾಳೆ ತುಂಬಿ ಕೊಟ್ಟರೆ, ಅದರ ಮೇಲೆ ಅವರು ಕ್ರಮ ತೆಗೆದುಕೊಳ್ಳುವುದು. ಬರೆಯುವ ಕೆಲಸ ನನ್ನ ಕೊರಳಿಗೆ ಬಿತ್ತು. ಇಪ್ಪತ್ತೆಂಟು ವರ್ಷದಿಂದ ಶಾಲೆಯ ಆಫೀಸಿನಲ್ಲಿ ಫಾರಂ ತುಂಬುತ್ತಿರುವವಳು ನಾನು. ನಿಮ್ಮ ಅಕ್ಷರ ನೋಡಿ ನಾಚಿಕೆಯಾಗಿಯಾದರೂ ಅವರು ಕೆಲಸ ಮಾಡುತ್ತಾರೆ ಎಂದು ಡಾಕ್ಟರು ಅಟ್ಟಕ್ಕೇರಿಸಿದರು. ನಾನೂ ಏರಿ ಕೂತೆ.

ಮೂರು ವರ್ಷದಲ್ಲಿ ಹನ್ನೊಂದು ಮನೆ ಸರಿಹೋದವು. ಸಂಜೆ ಹೊರಗೆ ಹೋದಾಗ ಹೊಸದಾಗಿ ಬಣ್ಣ ಬಳಿದ ಗೇಟು ಕಂಡರೆ, ಇದು ನನ್ನ ಹಾಳೆಯಿಂದ ಆದದ್ದು ಎಂದು ಒಳಗೊಳಗೇ ಉಬ್ಬುತ್ತಿದ್ದೆ.

ಅದೇ ಬೀದಿಯ ಕೊನೆಯಲ್ಲಿ ನನ್ನ ಅಕ್ಕನ ಮನೆ.

ಅಕ್ಕ ಬೆತ್ತದ ಕುರ್ಚಿ ಹೆಣೆಯುತ್ತಾಳೆ. ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ, ಕುರ್ಚಿ ಬೇಕಾದಷ್ಟಿದೆ, ಕೂರುವ ಯೋಗ್ಯತೆ ಇರುವವನು ಸಿಗಲಿಲ್ಲ ಎನ್ನುತ್ತಿದ್ದಳು. ಅವಳು ಹೆಣೆದ ಆಸನದ ಮೇಲೆ ಬೆರಳಿನಿಂದ ತಟ್ಟಿದರೆ ಟಣ್ ಎನ್ನಬೇಕು, ಇಲ್ಲದಿದ್ದರೆ ಬಿಚ್ಚಿ ಮತ್ತೆ ಹೆಣೆಯುತ್ತಾಳೆ. ತೊಂದರೆಯೆಂದರೆ, ಕುರ್ಚಿ ಕೊಟ್ಟವರಲ್ಲಿ ಅರ್ಧಕ್ಕರ್ಧ ಜನ ವಾಪಸು ಬರುವುದಿಲ್ಲ. ಊರು ಬಿಡುತ್ತಾರೆ, ಹೊಸದು ಕೊಳ್ಳುತ್ತಾರೆ, ಸತ್ತೂ ಹೋಗುತ್ತಾರೆ. ಅಕ್ಕ ಮಾತ್ರ ಕೆಲಸ ಮುಗಿಸಿ ಇಟ್ಟುಕೊಂಡಿರುತ್ತಾಳೆ. ಮೊದಲು ಮುಂದಿನ ಕೋಣೆ ತುಂಬಿತು, ಆಮೇಲೆ ಜಗಲಿ, ಕೊನೆಗೆ ಗೇಟಿನವರೆಗೂ ಅಂಗಳ. ಮುಂಬಾಗಿಲು ತೆರೆದು ಆರು ವರ್ಷವಾಗಿತ್ತು. ಅವಳ ಓಡಾಟವೆಲ್ಲ ಹಿಂದಿನ ಸಂದಿಯಿಂದ, ಅವಳ ದೀಪ ಉರಿಯುವುದು ಹಿಂದಿನ ಅಡುಗೆಮನೆಯಲ್ಲಿ. ಪ್ರತಿ ಕುರ್ಚಿಯ ಕಾಲಿಗೂ ಒಂದು ರಟ್ಟಿನ ಚೀಟಿ ಕಟ್ಟಿರುತ್ತಿತ್ತು. ಹೆಸರು ಕೇಳುವ ಅಭ್ಯಾಸ ಅವಳಿಗಿಲ್ಲ. ‘ಉದ್ದ ಮೂಗಿನ ಮೇಷ್ಟ್ರು’, ‘ಅಮ್ಮನ ಕುರ್ಚಿ ಅಂತ ಅತ್ತವಳು’, ‘ಗಂಡ ಜಿಪುಣ, ಹೆಂಡತಿ ಪರವಾಗಿಲ್ಲ’.

ಯಾರಿಗಾದರೂ ಕೊಟ್ಟುಬಿಡು ಎಂದು ನಾನು ಎಷ್ಟೋ ಸಲ ಹೇಳಿದ್ದೆ. ನನ್ನದಲ್ಲದ್ದನ್ನು ನಾನು ಹೇಗೆ ಕೊಡಲಿ, ಬಂದು ಕೇಳಿದರೆ ಏನು ಹೇಳಲಿ ಎನ್ನುತ್ತಿದ್ದಳು. ಬೀದಿಯಿಂದ ನೋಡಿದರೆ ಕಾಣುವುದು ಕುರ್ಚಿಗಳ ರಾಶಿ, ಕಾಲುಗಳ ನಡುವೆ ಬೆಳೆದ ಹುಲ್ಲು, ಮುಚ್ಚಿದ ಕಿಟಕಿಗಳು. ಹೊಸದಾಗಿ ಬಾಡಿಗೆಗೆ ಬಂದವರು, ಅದೇನು ಅಲ್ಲಿ ಗುಜರಿಯೇ ಎಂದು ನನ್ನನ್ನು ಕೇಳುತ್ತಿದ್ದರು. ಗೊತ್ತಿಲ್ಲ ಎಂದು ಹೇಳಿದ ದಿನಗಳೂ ಇವೆ.

ಸಮಿತಿಯಲ್ಲಿ ಒಂದು ರೂಢಿ ಬೆಳೆದಿತ್ತು. ಎಲ್ಲೂ ಬರೆದಿಟ್ಟದ್ದಲ್ಲ. ಸದಸ್ಯರ ನೆಂಟರ ಮನೆ ಬಂದರೆ ಉಳಿದವರು ಒಳಗೆ ಕಾಲಿಡುವುದಿಲ್ಲ, ಆ ಹಾಳೆಯನ್ನು ಆ ಸದಸ್ಯರೇ ತುಂಬಬೇಕು. ದರ್ಜಿ ತನ್ನ ಭಾವಮೈದುನನ ಮನೆಯದನ್ನು ಹಾಗೆಯೇ ತುಂಬಿದ್ದ. ಮನಸ್ತಾಪ ಬೇಡ ಎಂಬ ಒಳ್ಳೆಯತನದಿಂದ ಹುಟ್ಟಿದ ರೂಢಿ. ಅಕ್ಕನ ಮನೆ ಹತ್ತಿರವಾದಂತೆ ಎಲ್ಲರೂ ಎದುರು ಸಾಲಿನ ಮನೆಗಳ ಮೇಲೆ ವಿಪರೀತ ಆಸಕ್ತಿ ತೋರಿಸುತ್ತಿದ್ದರು. ಡಾಕ್ಟರು, ಇದು ನಿಮ್ಮ ಪಾಲಿನದು ಎಂದು ಹೇಳಿ ಮುಂದೆ ಹೋಗುತ್ತಿದ್ದರು.

ಹಾಳೆಯ ಐದನೇ ಪ್ರಶ್ನೆಗೆ ಎರಡು ಚೌಕ. ‘ವಾಸವಿದೆ’, ‘ವಾಸವಿಲ್ಲ’. ವಾಸವಿದೆ ಎಂದು ಟಿಕ್ ಹಾಕಿದರೆ ಮುಂದಿನ ಪ್ರಶ್ನೆಗೆ, ಅಂದರೆ ಕಸುಬು ನಡೆಯುತ್ತಿದೆಯೇ ಎಂಬುದಕ್ಕೆ ಉತ್ತರ ಬರೆಯಲೇಬೇಕು. ಹದಿನೈದು ದಿನದಲ್ಲಿ ನೋಟಿಸು ಬರುತ್ತದೆ, ಕೆಲಸ ನಿಲ್ಲಿಸಬೇಕು. ಕೆಲಸ ನಿಂತರೆ ಅಕ್ಕನೂ ನಿಂತ ಹಾಗೆಯೇ. ವಾಸವಿಲ್ಲ ಎಂದು ಹಾಕಿದರೆ ಹಾಳೆ ಬೇರೆ ಫೈಲಿಗೆ ಹೋಗುತ್ತದೆ. ಮಾಲೀಕರನ್ನು ಹುಡುಕಬೇಕು, ಪತ್ರ ಬರೆಯಬೇಕು, ನೂರೆಂಟು ರಗಳೆ. ಮೂರು ವರ್ಷದಲ್ಲಿ ಆ ಫೈಲನ್ನು ಯಾರೂ ಮುಟ್ಟಿರಲಿಲ್ಲ. ಯಾವ ಹಾಳೆ ಯಾವ ಮೇಜಿನ ಮೇಲೆ ಎಷ್ಟು ದಿನ ಮಲಗಿರುತ್ತದೆ ಎಂದು ನನ್ನಷ್ಟು ಚೆನ್ನಾಗಿ ಬಲ್ಲವರು ಬೀದಿಯಲ್ಲಿ ಯಾರಿದ್ದರು? ನಾನು ವಾಸವಿಲ್ಲ ಎಂಬುದಕ್ಕೆ ಟಿಕ್ ಹಾಕಿದೆ. ಒಂದು ಸಲವಲ್ಲ, ಆರು ಸಲ. ಅಕ್ಕನಿಗೆ ಹೇಳಲಿಲ್ಲ. ಅವಳನ್ನು ಅಂಗೈಯಲ್ಲಿ ಮುಚ್ಚಿಟ್ಟುಕೊಂಡಿದ್ದೇನೆ ಅಂದುಕೊಂಡಿದ್ದೆ.

ಈ ವರ್ಷ ನಗರಸಭೆಗೆ ಹೊಸ ಇನ್ಸ್‌ಪೆಕ್ಟರ್ ಬಂದ. ಚುರುಕು ಮನುಷ್ಯ. ಜನ ಇರುವ ಮನೆಗೆ ಹೋದರೆ ಜಗಳ, ಕೋರ್ಟು. ಖಾಲಿ ಮನೆಯಿಂದ ಶುರು ಮಾಡಿದರೆ ಅಡ್ಡಿ ಮಾಡುವವರೇ ಇಲ್ಲ ಎಂದು ಲೆಕ್ಕ ಹಾಕಿದ. ಹೊಸ ನಿಯಮದಂತೆ ಅಂಥ ಮನೆಗಳ ನೋಟಿಸನ್ನು ಕಚೇರಿಯ ಬೋರ್ಡಿಗೆ ಅಂಟಿಸಿದರೆ ಸಾಕಾಗಿತ್ತು. ಸಮಿತಿಗೆ ಬಂದದ್ದು ಎರಡು ಸಾಲಿನ ಪತ್ರ, ಈ ತಿಂಗಳು ನಿಮ್ಮ ಬೀದಿಯಲ್ಲಿ ಶುಚಿ ಕಾರ್ಯ ಆರಂಭ ಎಂದು. ನಾನೇ ಅದನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿದೆ. ಚಪ್ಪಾಳೆ ಬಿತ್ತು. ಯಾವ ಮನೆ ಎಂದು ನಾನು ಕೇಳಲಿಲ್ಲ.

ಮಂಗಳವಾರ ಹತ್ತೂವರೆಗೆ ಶಾಲೆಗೆ ಡಾಕ್ಟರ ಫೋನು ಬಂತು. ನಿಮ್ಮಕ್ಕನ ಮನೆ ಮುಂದೆ ಲಾರಿ ನಿಂತಿದೆ, ಬೇಗ ಬನ್ನಿ ಎಂದರು. ನಾನು ಹೋಗುವ ಹೊತ್ತಿಗೆ ಗೇಟು ಕಿತ್ತು ಪಕ್ಕಕ್ಕೆ ಒರಗಿಸಿದ್ದರು. ಕಸ ಅರೆಯುವ ಲಾರಿ. ಇಬ್ಬರು ಕುರ್ಚಿ ಎತ್ತಿ ಎಸೆಯುತ್ತಿದ್ದರು, ಒಳಗಿನ ಕಬ್ಬಿಣದ ಹಲಗೆ ಬಂದು ಒತ್ತುತ್ತಿತ್ತು. ಒಣಗಿದ ಬೆತ್ತ ಮುರಿಯುವ ಶಬ್ದ ತುಂಬ ಸಣ್ಣದು, ಯಾರೋ ನೆಟಿಗೆ ಮುರಿದ ಹಾಗೆ. ಹಿಂದಿನ ಬಾಗಿಲಿಗೆ ಆಗಲೇ ಸೀಲು ಬಿದ್ದಿತ್ತು. ಅಕ್ಕ ಇರಲಿಲ್ಲ. ಎರಡು ಕುರ್ಚಿ ತಲುಪಿಸಲು ಕೈಗಾಡಿ ತಳ್ಳಿಕೊಂಡು ಹೋಗಿದ್ದಳು.

ಇಲ್ಲಿ ಜನ ಇದ್ದಾರೆ, ನಿಲ್ಲಿಸಿ ಎಂದೆ. ಇನ್ಸ್‌ಪೆಕ್ಟರ್ ಒರಟಾಗಿ ಮಾತಾಡಲಿಲ್ಲ. ಫೈಲು ತೆರೆದು ಆರು ಹಾಳೆಗಳನ್ನೂ ಒಂದೊಂದಾಗಿ ತೋರಿಸಿದ.

“ಈ ಸಹಿ ನಿಮ್ಮದೇ ಅಲ್ವಾ, ಮೇಡಂ?”

ನನ್ನದೇ ಎಂದೆ. ಹಾಗಾದರೆ ಇದರಲ್ಲಿ ಬರೆದದ್ದು ಸುಳ್ಳೇ ಎಂದು ಕೇಳಿದ. ಬೀದಿಯವರೆಲ್ಲ ನೋಡುತ್ತಿದ್ದರು. ಡಾಕ್ಟರು ಇದ್ದರು, ದರ್ಜಿ ಇದ್ದ, ಕುಂಟುತ್ತ ಅವನ ಹೆಂಡತಿಯೂ ಬಂದಿದ್ದಳು. ಹೌದು ಎಂಬ ಎರಡಕ್ಷರ ಸಾಕಾಗಿತ್ತು. ನನ್ನ ಬಾಯಿಂದ ಬಂದದ್ದು, ಈಚೆಗೆ ಬಂದು ಇದ್ದಿರಬಹುದು, ಹಳೆಯ ಹಾಳೆ ನೋಡಿ ಬರೆದಿರಬಹುದು, ಹೀಗೆ ಏನೇನೋ. ನಾನು ತಡವರಿಸುತ್ತಿದ್ದಷ್ಟು ಹೊತ್ತೂ ಲಾರಿ ತುಂಬುತ್ತಲೇ ಇತ್ತು. ಕೊನೆಗೆ ಅವಳು ನನ್ನ ಅಕ್ಕ, ಹುಟ್ಟಿದಾಗಿನಿಂದ ಇಲ್ಲೇ ಇದ್ದಾಳೆ, ನಾನು ಬರೆದದ್ದು ಸುಳ್ಳು ಎಂದು ಹೇಳಿದೆ. ಆಗ ಮುಂದಿನ ಕೋಣೆಯೂ ಖಾಲಿಯಾಗಿ, ಅಂಗಳಕ್ಕೆ ತಂದಿಟ್ಟ ನಾಲ್ಕೋ ಐದೋ ಕುರ್ಚಿ ಉಳಿದಿದ್ದವು.

ಅಕ್ಕ ಖಾಲಿ ಕೈಗಾಡಿ ತಳ್ಳಿಕೊಂಡು ಬಂದದ್ದು ಆ ಹೊತ್ತಿಗೇ. ಕೂಗಾಡಲಿಲ್ಲ. ಗಾಡಿಯನ್ನು ಗೋಡೆಗೆ ಒರಗಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಲಾರಿಯ ಹತ್ತಿರ ಹೋಗಿ ಒಳಗೆ ಇಣುಕಿ ನೋಡಿದಳು. ಇನ್ಸ್‌ಪೆಕ್ಟರ್ ತನ್ನ ತಪ್ಪಿಲ್ಲವೆಂದು ತೋರಿಸಲು ಹಾಳೆಯನ್ನು ಅವಳ ಕೈಗೆ ಕೊಟ್ಟುಬಿಟ್ಟ. ಅಕ್ಕ ಓದುವುದು ನಿಧಾನ. ಪ್ರತಿ ಸಾಲಿನ ಕೆಳಗೂ ಬೆರಳು ಸರಿಸುತ್ತ ಓದುತ್ತಾಳೆ. ಎಲ್ಲರೂ ಕಾದೆವು. ಬೆರಳು ಐದನೇ ಪ್ರಶ್ನೆಯ ಹತ್ತಿರ ನಿಂತಿತು.

“ನಾನಿಲ್ಲ ಅಂತ ಬರೆದಿದ್ದೀಯಲ್ಲೇ.”

“ನಿನ್ನ ಕೆಲಸ ಉಳೀಲಿ ಅಂತ, ಅಕ್ಕ.”

ಅವಳು ಉಳಿದ ಐದು ಹಾಳೆಗಳನ್ನೂ ಕೇಳಿ ತೆಗೆದುಕೊಂಡು ಓದಿದಳು.

ಮರುದಿನವೇ ನಾನು ನಗರಸಭೆಗೆ ಹೋಗಿ ಎರಡು ಪುಟ ಬರೆದುಕೊಟ್ಟೆ. ಈ ಮನೆಯಲ್ಲಿ ಯಾರಿದ್ದಾರೆ, ಎಷ್ಟು ವರ್ಷದಿಂದ ಇದ್ದಾರೆ, ಏನು ಕಸುಬು, ನಾನು ಬರೆದದ್ದೇನು, ಎಲ್ಲವನ್ನೂ. ಸಮಿತಿಯಿಂದ ನನ್ನನ್ನು ತೆಗೆದರು. ಡಾಕ್ಟರು ಆ ವಿಷಯ ಹೇಳಲು ಮನೆಗೇ ಬಂದು, ಈ ಸಲ ಹಲ್ಲಿನ ಮಾತೇನೂ ಆಡದೆ, ಕೊಟ್ಟ ಚಹಾ ಕುಡಿಯದೆ ಹೋದರು. ಅಕ್ಕ ಊರಾಚೆ, ಬೆತ್ತ ಮಾರುವವಳ ಮನೆಯಲ್ಲಿದ್ದಳು. ಎರಡು ಸಲ ಹೋದೆ. ಒಳಗೆ ಬೆತ್ತ ಸೀಳುವ ಸದ್ದು ಕೇಳುತ್ತಿತ್ತು. ಬೆತ್ತದವಳು ಬಾಗಿಲಲ್ಲೇ ನಿಂತು, ಅವಳು ಇಲ್ಲ ಅಂತ ಹೇಳು ಅಂದಿದ್ದಾಳಮ್ಮ, ನಾನೇನು ಮಾಡಲಿ ಎಂದಳು. ಕುರ್ಚಿಗಳ ಬಗ್ಗೆ ಕೇಳಲು ಯಾರಾದರೂ ಬಂದರೋ ಇಲ್ಲವೋ, ಅದೂ ನನಗೆ ಗೊತ್ತಿಲ್ಲ.

ಒಂಬತ್ತನೇ ದಿನ ಸೀಲು ತೆಗೆದರು. ಕಸುಬಿನ ಮಾತು ಮಾತ್ರ ಇನ್ನೂ ತೀರ್ಮಾನವಾಗಿರಲಿಲ್ಲ. ಅಕ್ಕ ಒಂದು ಸಣ್ಣ ಟೆಂಪೋ ತಂದಳು. ಇರೋಕೆ ಬಂದೆಯಾ ಎಂದು ಕೇಳುವ ಧೈರ್ಯ ನನಗಾಗಲಿಲ್ಲ, ಕೇಳಬೇಕಾಗಿಯೂ ಬರಲಿಲ್ಲ. ಚಾಕು, ಉಳಿ, ಬೆತ್ತ ನೆನೆಸುವ ತೊಟ್ಟಿ, ನಾಲ್ಕು ಪಾತ್ರೆ, ಬಟ್ಟೆ, ಇಷ್ಟನ್ನೂ ತಾನೇ ಹೊರಗಿಟ್ಟಳು. ಮುಂಬಾಗಿಲು ಈಗ ತೆರೆಯುತ್ತಿತ್ತು. ಅಂಗಳವನ್ನು ಗುಡಿಸಿ ಬಿಟ್ಟಿದ್ದರು, ಒಂದು ಹುಲ್ಲುಕಡ್ಡಿಯೂ ಇರಲಿಲ್ಲ. ಪಕ್ಕದ ಮನೆಯವಳು ನನಗೆ ಕೇಳುವ ಹಾಗೆಯೇ, ಈಗ ನೋಡೋಕೆ ಎಷ್ಟು ಚೆನ್ನಾಗಿದೆ ಎಂದಳು.

ಟ್ರಂಕು ಮಾತ್ರ ಒಬ್ಬಳಿಂದ ಆಗುವಂತಿರಲಿಲ್ಲ. ಅಕ್ಕ ಒಂದು ಕಡೆ ಹಿಡಿದು ನಿಂತಳು, ನಾನು ಇನ್ನೊಂದು ಕಡೆ ಹಿಡಿದೆ.

“ಬಗ್ಗಿ ಎತ್ತಬೇಡ, ನಿನ್ನ ಸೊಂಟ ಹಿಡ್ಕೊಳ್ಳುತ್ತೆ” ಎಂದಳು.

ನಾನು ಮೊಣಕಾಲು ಮಡಿಸಿ ಎತ್ತಿದೆ. ಟ್ರಂಕು ಗಾಡಿಯೊಳಗೆ ಸರಿಸಿ ಕೈ ಒರೆಸಿಕೊಂಡ ಮೇಲೆ ಅವಳೇ ಕೇಳಿದಳು.

“ಆರು ಸಲ ಬರೆದೆಯಲ್ಲ. ಒಂದು ಸಲವಾದರೂ ಕೈ ತಡೀತಾ?”

ಸುಳ್ಳು ಹೇಳಬಹುದಿತ್ತು. ಪ್ರತಿ ಸಲವೂ ತಡೆಯಿತು ಎಂದಿದ್ದರೆ ಅವಳಿಗೂ ಸಮಾಧಾನವಾಗುತ್ತಿತ್ತೇನೋ.

“ಮೊದಲನೇ ಸಲ ತಡೀತು” ಎಂದೆ. “ಆಮೇಲೆ ಅಭ್ಯಾಸವಾಯ್ತು.”

ಇನ್ನೊಂದು ಮಾತು ಇತ್ತು, ಅದನ್ನು ಹೇಳಲಿಲ್ಲ. ನಾಲ್ಕನೇ ಸಲವೋ ಐದನೇ ಸಲವೋ, ಟಿಕ್ ಹಾಕಿ ಪೆನ್ನು ಮುಚ್ಚುವಾಗ, ಅದು ನಿಜವೇ ಆಗಿದ್ದರೆ ಬೀದಿ ಎಷ್ಟು ಸಲೀಸಾಗಿರುತ್ತಿತ್ತು ಎಂದು ಒಂದು ಕ್ಷಣ ಅನ್ನಿಸಿತ್ತು. ಒಂದೇ ಕ್ಷಣ. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ಚಿಕ್ಕವಳಿದ್ದಾಗಿನಿಂದ ನನ್ನ ಮುಖ ಓದುವುದಕ್ಕೆ ಅವಳಿಗೆ ಬೆರಳು ಬೇಕಾಗಿರಲಿಲ್ಲ.

ಸರಿ ಎಂಬಂತೆ ತಲೆಯಾಡಿಸಿ, ಮನೆಯ ಬೀಗದ ಕೈ ನನ್ನ ಕೈಗಿಟ್ಟು, ಡ್ರೈವರನ ಪಕ್ಕ ಹತ್ತಿ ಕೂತಳು. ಎಲ್ಲಿಗೆ ಬಂದರೆ ಸಿಗುತ್ತೀಯ ಎಂದು ಕೇಳಿದೆ. ಹೋಗೋಣಪ್ಪ ಎಂದು ಡ್ರೈವರನಿಗೆ ಹೇಳಿದಳು.

ಬೀದಿಯ ತಿರುವಿನವರೆಗೂ ಗಾಡಿಯ ಹಿಂದೆ ನಡೆದೆ. ಬೆತ್ತದವಳ ಮನೆಗೆ ಹೋಗಬೇಕಾದರೆ ಎಡಕ್ಕೆ ತಿರುಗಬೇಕು. ಗಾಡಿ ಬಲಕ್ಕೆ ತಿರುಗಿತು.